ಇಂದು ಹುಟ್ಟಿದವರು, ಮತ್ತು

ಹೆಡ್‌ಫೋನಿನ ಬಲಗಡೆಯ ಮೆತ್ತೆ ಹರಿದು ಸ್ಪಂಜು ಹೊರಬಂದಿದೆ, ಕಿವಿಯ ಹಿಂದೆ ಇರುವೆ ಹರಿದಂತೆ ಕಚಗುಳಿ, ಹೊಲಿಸಬೇಕು ಹೊಲಿಸಬೇಕು ಎಂದುಕೊಳ್ಳುತ್ತಲೇ ವರ್ಷ ಕಳೆಯಿತು, ಮನೆಯಲ್ಲೇ ದರ್ಜಿಯಿದ್ದೂ ಈ ಗತಿ, ತಂದ್ಕೊಡೇ, ಎರಡು ಹೊಲಿಗೆ ಹಾಕಿದ್ರೆ ಮುಗೀತು ಅನ್ನುತ್ತಿದ್ದ ಗಂಡ ಈಗ ಏನೂ ಅನ್ನುವುದಿಲ್ಲ, ಇವತ್ತು ಬೆಳಗ್ಗೆ ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತ ಕೂತಿದ್ದ, ಇವಳು ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ, ಇವತ್ತಿಂದು ನಾನೇ ಓದ್ತೀನಿ, ಅಂದಳು, ಓದು, ಅಂದ, ರೇಡಿಯೋ ಹಾಕ್ತೀರಾ, ಅಂದಳು, ಅವನು ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿದ. ಅಡುಗೆಮನೆಯ ಕಪಾಟಿನ ಮೇಲಿನ ರೇಡಿಯೋ ಹೋದ ಚಳಿಗಾಲದಿಂದ ಗೋಡೆಗೆ ಮುಖ ಮಾಡಿ ಕೂತಿದೆ, ತಪ್ಪು ಮಾಡಿದ ಮಗುವನ್ನು ನಿಲ್ಲಿಸಿದ ಹಾಗೆ, ಅದನ್ನು ತಿರುಗಿಸಿಟ್ಟವನು ಅವನೇ, ಇವಳೂ ಮುಟ್ಟಿಲ್ಲ, ಹೆಂಡತಿಯ ಧ್ವನಿ ಊರಿಗೆಲ್ಲ ಕೇಳುತ್ತದೆ, ಅವಳ ಮನೆಗೊಂದು ಕೇಳುವುದಿಲ್ಲ — ಗಾಜಿನಾಚೆ ಮೀಸೆ ಕೈಯೆತ್ತಿದ, ಹಾಡು ಇನ್ನೂ ಒಂದು ಚರಣ ಇದೆ ಎಂದು, ಮೀಸೆ ಅಂದರೆ ಈ ಬಾನುಲಿ ಕೇಂದ್ರದ ತಂತ್ರಜ್ಞ, ಮೀಸೆ ಬೋಳಿಸಿ ಯಾವ ಕಾಲವಾಯಿತೋ, ಹೆಸರನ್ನು ಮಾತ್ರ ಬೋಳಿಸಲು ಆಗಲಿಲ್ಲ. ಇವಳ ಮುಂದೆ ಇವತ್ತಿನ ಹಾಳೆ, ಇತಿಹಾಸದಲ್ಲಿ ಈ ದಿನ, ಮೊದಲು ಘಟನೆಗಳು, ಆಮೇಲೆ ಸಂಗೀತ, ಕೊನೆಗೆ ಹುಟ್ಟಿದವರು, ಇಷ್ಟು ವರ್ಷ ಓದಿ ಓದಿ ಯಾವ ದಿನಕ್ಕೆ ಯಾರು ಎಂಬುದು ಬಾಯಿಪಾಠ, ಈ ದಿನದ್ದಂತೂ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಿಯಾಳು, ನಿರ್ದೇಶಕಿ ನಿನ್ನೆ ಸಂಜೆ ಮೆಲ್ಲಗೆ ಬಂದು ಭುಜ ಮುಟ್ಟಿ, ಮೇಡಂ, ನಾಳೆದು ಬೇರೆಯವರು ಓದ್ಲಿ, ಇಲ್ಲಾ ಇವತ್ತೇ ರೆಕಾರ್ಡ್ ಮಾಡ್ಬಿಡಿ, ಅಂದಾಗ ಇವಳು, ಬೇಡ, ನಾನೇ ಓದ್ತೀನಿ ಅಂದಳು, ತಲೆ ಮೇಲೆ ತಲೆ ಬಿದ್ದರೂ ನಾನೇ, ಸರಿ ಮೇಡಂ, ಆದ್ರೆ ಆ ಗ್ಯಾಪ್ ಮಾತ್ರ ಈ ಸಲ ಬೇಡ, ಹೊಸ ಯಂತ್ರ ಹಾಕ್ಸಿದ್ದೀವಲ್ಲ, ಸದ್ದು ನಿಂತ್ರೆ ಅದು ಕೇಂದ್ರ ಸತ್ತೋಯ್ತು ಅಂದ್ಕೊಂಡು ತಾನೇ ಹಾಡು ಶುರು ಮಾಡತ್ತೆ. ಆ ಗ್ಯಾಪು. ಸ್ಟೂಲಿನ ಮೇಲೆ ನಿಂತ ಮಗು, ಒಂದೇ ಕಾಲಿಗೆ ಕಾಲುಚೀಲ — ಬೇಡ, ಈಗ ಬೇಡ, ಕೆಂಪು ದೀಪ ಹತ್ತಿತು.

ನಮಸ್ಕಾರ, ಇತಿಹಾಸದಲ್ಲಿ ಈ ದಿನ — ಧ್ವನಿ ಚೆನ್ನಾಗಿಯೇ ಬರುತ್ತಿದೆ, ಧ್ವನಿಗೇನು, ಅದಕ್ಕೆ ನಾಚಿಕೆಯಿಲ್ಲ, ಒಳಗೆ ಮನೆ ಸುಟ್ಟುಹೋದರೂ ಇದು ಹಾಲು ಕಾಯಿಸಿದ ಹಾಗೆ ಹದವಾಗಿ ಹರಿಯುತ್ತದೆ — ಇದೇ ದಿನ ಎರಡು ರಾಜ್ಯಗಳ ನಡುವಿನ ಯುದ್ಧ ನಿಂತಿತು, ಇದೇ ದಿನ ಸೇತುವೆಯೊಂದು ಸಂಚಾರಕ್ಕೆ ತೆರೆಯಿತು, ಇದೇ ದಿನ ಮೊಟ್ಟಮೊದಲ ಬಾರಿಗೆ ಒಂದು ದೊಡ್ಡ ವಾದ್ಯಮೇಳವನ್ನು ರಂಗಮಂದಿರದಿಂದ ನೇರವಾಗಿ ಬಾನುಲಿಯಲ್ಲಿ ಕೇಳಿಸಿದರು, ಇದೇ ದಿನ ಒಬ್ಬ ಗಾಯಕಿ ಕೊನೆಯ ಕಛೇರಿ ಮುಗಿಸಿ ಇನ್ನು ಹಾಡುವುದಿಲ್ಲ ಎಂದು ವೇದಿಕೆಯಿಂದ ಇಳಿದಳು, ಒಂದೇ ದಿನಕ್ಕೆ ಎಷ್ಟೊಂದು ತುರುಕುತ್ತಾರೆ, ಅವತ್ತೂ ಇದನ್ನೇ ಓದುತ್ತಿದ್ದಳು, ತುಂಬಿದ ಬಸುರಿ, ಹೊಟ್ಟೆ ಮೇಜಿಗೆ ತಾಗಿ ಮೈಕು ದೂರವಾಗಿ ಮೀಸೆ ಬೈಯುತ್ತಿದ್ದ, ಹೀಗಾದ್ರೆ ಜನ ನಿಮ್ಮ ಉಸಿರಾಟ ಕೇಳ್ತಾರಷ್ಟೆ, ಆಗ ಅವನಿಗೆ ನಿಜವಾದ ಮೀಸೆಯಿತ್ತು, ಇಂದು ಹುಟ್ಟಿದವರು, ಕುರುಡ ಕೊಳಲುಗಾರ, ನಗಾರಿಯವರ ವಂಶದ ಸಂಗೀತಗಾರ, ಮತ್ತು — ಅಲ್ಲಿ ಬಂತು ನೋವು, ಬೆನ್ನಿನಿಂದ ಸುತ್ತಿಕೊಂಡು ಬಂದು ಸೊಂಟ ಹಿಂಡಿತು, ಮತ್ತು ಎಂದವಳು ಅಲ್ಲೇ ನಿಂತಳು, ಆ ಮೂರನೆಯವಳು, ಯಾರೋ ಪಿಯಾನೋ ವಾದಕಿ, ಅವಳ ಹೆಸರು ಬಾಯಿಂದ ಹೊರಬರಲೇ ಇಲ್ಲ, ಊರೆಲ್ಲ ರೇಡಿಯೋ ಕೆಟ್ಟಿತೆಂದು ಗುಂಡಿ ತಿರುಗಿಸಿತು, ಮೀಸೆ ಗಾಬರಿಯಾಗಿ ಕೈಗೆ ಸಿಕ್ಕ ಹಾಡು ಹಾಕಿ ಕಾರು ತರಲು ಓಡಿದ, ಊಟದ ಹೊತ್ತಿಗೆ ಮಗಳು ಹುಟ್ಟಿದಳು, ಹುಟ್ಟಿದ್ದೇ ತಡ ಒಂದೇ ತಂತಿಯಲ್ಲಿ ಅಳು, ಇದು ಮಗು ಅಲ್ಲ ಕಣೇ, ಪಿಟೀಲು, ಅಂದ ಗಂಡ, ಆಮೇಲೆ ಶಾಲೆಯ ಹೆಸರು ಶಾಲೆಗೇ, ಮನೆಗೆ ಪಿಟೀಲು. ಅವಳಿಗೆ ಆರೋ ಏಳೋ ಆದಾಗ ಈ ಕಥೆ ಹೇಳಿದ್ದೇ ತಪ್ಪಾಯಿತು, ಹಾಗಾದ್ರೆ ಆ ಜಾಗ ನಂದು, ಅಂದಳು, ಅಲ್ಲಿ ನಂಗೆ ಜಾಗ ಬಿಡ್ಬೇಕು, ನೀನು ಮತ್ತು ಅಂತ ಹೇಳಿ ಸುಮ್ನಾಗು, ನಾನು ಮನೇಲಿ ಕೂಗ್ತೀನಿ. ಪಾಪ ಪಿಯಾನೋದವಳು ಅಂದಿನಿಂದ ಹಾಳೆಯಿಂದಲೇ ಹೋದಳು.

ಅವಳು ನಿಜವಾಗಿಯೂ ಕೂಗಿದಳಂತೆ. ಅಂತೆ, ಏಕೆಂದರೆ ಇವಳು ನೋಡಿಲ್ಲ, ಒಂದು ವರ್ಷವೂ ನೋಡಿಲ್ಲ, ಆ ಹೊತ್ತಿಗೆ ಇವಳು ಯಾವಾಗಲೂ ಇಲ್ಲಿ, ಈ ಗಾಜಿನೊಳಗೆ, ಗಂಡ ಹೇಳಿದ್ದನ್ನೇ ಕೇಳಿ ಕೇಳಿ ಕಣ್ಣಿಗೆ ಕಟ್ಟಿದ್ದು, ಅಡುಗೆಮನೆಯಲ್ಲಿ ಸ್ಟೂಲು ಎಳೆದು ಹತ್ತಿ ನಿಂತಳು, ಒಂದು ಕಾಲಿಗೆ ಕಾಲುಚೀಲ, ಇನ್ನೊಂದು ಬರಿಗಾಲು, ಮುಂದಿನ ಹಲ್ಲು ಬಿದ್ದಿತ್ತು, ನೀನು ಮತ್ತು ಅಂದೆ, ಪಿಟೀಲು ಬಾಯಿ ಇಷ್ಟಗಲ ತೆರೆದು ನಾನೂ ಅಂತ ಕಿರುಚಿದ್ಲು, ಪಕ್ಕದ ಮನೆಯವ್ರು ಏನಾಯ್ತು ಅಂತ ಓಡಿಬಂದ್ರು, ಅವನು ಹೊಲಿಗೆ ಯಂತ್ರ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ, ಕೂಗಿದ್ದು ಇವಳಿಗೆ ತಿಳಿಯಲಿ ಎಂದು ಸ್ಟುಡಿಯೋದ ಫೋನಿಗೆ ಒಂದು ರಿಂಗು ಕೊಟ್ಟು ಇಟ್ಟ, ಇಲ್ಲಿ ಫೋನು ಸದ್ದು ಮಾಡುವುದಿಲ್ಲ, ಹಸಿರು ದೀಪ ಒಮ್ಮೆ ಮಿನುಗುತ್ತದೆ, ಅಷ್ಟೇ, ಆ ಮಿನುಗು ಕಂಡರೆ ಕೂಗಿದಳು ಎಂದರ್ಥ, ಅಂದಿನಿಂದ ಪ್ರತಿ ವರ್ಷ. ಒಮ್ಮೆ ಸಂಜೆ ಮನೆಗೆ ಹೋದವಳೇ ಕೇಳಿದಳು, ನಂಗೂ ಒಂದ್ಸಲ ಕೂಗಿ ತೋರ್ಸೇ, ಸ್ಟೂಲು ಹತ್ತಿದ ಪಿಟೀಲು ಬಾಯಿ ತೆರೆದು ಕಿಸಕ್ಕೆಂದು ನಕ್ಕು ಇಳಿದಳು, ಆಗಲ್ಲಮ್ಮ, ನೀನು ರೇಡಿಯೋದೊಳಗೆ ಇದ್ರೇನೇ ಬರೋದು. ದೊಡ್ಡವಳಾದ ಮೇಲೆ ನಾಚಿಕೊಂಡಳು, ಕಾಲೇಜಿನ ದಿನಗಳಲ್ಲಿ ಬರೀ ಗೊಣಗಿದಳಂತೆ, ಹಲ್ಲುಜ್ಜುತ್ತ, ನೊರೆಯ ಬಾಯಲ್ಲೇ, ಆದರೂ ಹೇಳಿದ್ಲು ಕಣೇ, ಅಂದ ಅವನು, ದೀಪ ಮಿನುಗಿತ್ತು, ಹೋದ ವರ್ಷವೂ ಮಿನುಗಿತ್ತು, ಆಗ ಅವಳಿಗೆ ಕೆಲಸ ಸಿಕ್ಕಿ ಹೊಸ ಸೈಕಲ್ಲು ಬಂದಿತ್ತು, ಆಮೇಲೆ ಚಳಿಗಾಲದಲ್ಲಿ, ಮಂಜು ಕವಿದ ಒಂದು ಮುಂಜಾನೆ, ಲಾರಿಯವನಿಗೆ ಅವಳು ಕಾಣಲಿಲ್ಲವಂತೆ, ಇದೂ ಅಂತೆಯೇ, ಇದನ್ನೂ ಇವಳು ನೋಡಿಲ್ಲ, ಆಗಲೂ ಇಲ್ಲೇ ಇದ್ದಳು, ಯಾರದೋ ಹುಟ್ಟು ಯಾರದೋ ಸಾವು ಓದುತ್ತಿದ್ದಳು, ಹಸಿರು ದೀಪ ಮಿನುಗಿತು, ಮಿನುಗುತ್ತಲೇ ಇತ್ತು, ಇದೇನು, ಇವತ್ತು ಅವಳ ಹುಟ್ಟುಹಬ್ಬವಲ್ಲವಲ್ಲ ಎಂದುಕೊಂಡಳು, ಅಷ್ಟೇ ಹೊಳೆದದ್ದು, ಹುಚ್ಚಿ.

ಇಂದು ಹುಟ್ಟಿದವರು, ಎಂದಳು. ಮೀಸೆ ತಲೆಯೆತ್ತಿದ. ಕುರುಡ ಕೊಳಲುಗಾರ, ಹೆಸರು ಓದಿದಳು, ಊರು ಓದಿದಳು, ನಗಾರಿಯವರ ವಂಶದವನು, ಓದಿದಳು, ಈಗ ಬಾಯಿ ಮುಚ್ಚಿ ಹಾಡು ಹಾಕಿಸಿಬಿಟ್ಟರೆ ಮುಗಿಯಿತು, ಯಾರಿಗೂ ನಷ್ಟವಿಲ್ಲ, ಅಲ್ಲಿ ರೇಡಿಯೋ ಗೋಡೆ ನೋಡುತ್ತ ಕೂತಿದೆ, ಅವನು ಗುಂಡಿ ಹೊಲಿಯುತ್ತ ಕೂತಿದ್ದಾನೆ, ಖಾಲಿ ಮನೆಗೆ ಜಾಗ ಬಿಟ್ಟು ಏನು ಮಾಡುವುದು, ಬಿಡದಿದ್ದರೆ ಮಾತ್ರ ಅವಳು ಈ ದಿನ ಹುಟ್ಟಲೇ ಇಲ್ಲ ಎಂದಾಗುತ್ತದೆ, ಪಿಯಾನೋದವಳ ಹಾಗೆ ಹಾಳೆಯಿಂದಲೇ ಹೋಗುತ್ತಾಳೆ, ಅದು ಆಗದು, ಅದೊಂದು ಆಗದು — ಮತ್ತು, ಎಂದಳು. ನಿಂತಳು. ಸದ್ದಿನ ಅಳತೆಯ ಮುಳ್ಳು ಸೊನ್ನೆಗೆ ಬಿತ್ತು. ಗಾಜಿನಾಚೆ ಹೊಸ ಯಂತ್ರದ ಹಳದಿ ದೀಪ ಎಚ್ಚರಿಸತೊಡಗಿತು, ಮೀಸೆ ಇವಳ ಕಡೆ ನೋಡದೆ ಕೈಚಾಚಿ ಅದರ ಸ್ವಿಚ್ಚು ಆರಿಸಿದ, ಇವತ್ತು ಅವನೂ ಬೈಯಲಿಲ್ಲ, ಊರಿನ ರೇಡಿಯೋಗಳೆಲ್ಲ ಸುಮ್ಮನಾಗಿವೆ, ಎಂದಿನ ಹೊತ್ತು ಕಳೆಯಿತು, ಅದಕ್ಕಿಂತ ಹೆಚ್ಚೇ ಕಳೆಯಿತು, ದೀಪವಿಲ್ಲ, ಇಲ್ಲ ಬಿಡು, ಅವನು ಕೇಳುತ್ತಿಲ್ಲ — ಹಸಿರು. ಮಿನುಗಿತು. ಒಮ್ಮೆ ಮಿನುಗಿ ಆರಬೇಕು, ಆರುತ್ತಿಲ್ಲ, ಅವನು ಫೋನು ಇಡುತ್ತಿಲ್ಲ, ರೇಡಿಯೋ ಈ ಕಡೆ ತಿರುಗಿಸಿದ್ದಾನೆ, ಕೇಳಿದ್ದಾನೆ, ಫೋನು ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಾನೆ, ಎತ್ತಿದರೆ ಏನು ಹೇಳಿಯಾನು, ಎತ್ತಲು ಇವಳಿಗೂ ಕೈ ಬರುತ್ತಿಲ್ಲ, ಮೈಕು ತೆರೆದಿದೆ, ಹಸಿರು, ಹಸಿರು, ಅವನೆದುರಿಗೆ ಸ್ಟೂಲು, ಸ್ಟೂಲಿನ ಮೇಲೆ ಒಂದು ಕಾಲುಚೀಲ ಒಂದು ಬರಿಗಾಲು, ಮುಂದಿನ ಹಲ್ಲಿಲ್ಲದ ಬಾಯಿ, ಇಷ್ಟಗಲ ತೆರೆದ ಬಾಯಿ, ಸದ್ದಿಲ್ಲ, ತೆರೆದೇ ಇದೆ