ಬಾಗಿಯ ಕಾಲಿಗೆ ಜಾಗ

ಗಗನಸಖಿ ಪರದೆಯನ್ನು ಸರ್ರನೆ ಎಳೆದುಬಿಟ್ಟಳು, ನಾನು ನೋಡಬಾರದಂತೆ, ನೋಡಿಯೇ ನೋಡುತ್ತೇನೆ, ಬಟ್ಟೆಯ ಸಂದಿಯಲ್ಲಿ ಆ ಅಗಲದ ಸೀಟು ಕಾಣುತ್ತಿದೆ, ಖಾಲಿ, ಮಡಚಿಟ್ಟ ಕಂಬಳಿಯೊಂದೇ ಆರಾಮವಾಗಿ ಡಬ್ಲಿನ್‌ಗೆ ಹೊರಟಿದೆ — ಇಲ್ಲಿ ನನ್ನ ಪಕ್ಕ ಕಿಟಕಿಯ ಹತ್ತಿರ ಬಾಗಿ, ನನ್ನ ಹೆಂಡತಿ, ಅವಳ ರಾಡ್ ಹಾಕಿದ ಕಾಲು ಮುಂದಿನ ಸೀಟಿಗೆ ಒತ್ತಿಕೊಂಡಿದೆ, ವಿಮಾನ ಏರುವಾಗ ಹಲ್ಲು ಕಚ್ಚಿ ಕೂತಿದ್ದಳು, ಪಾದ ಈಗಲೇ ಬಾತಿದೆ, ಕಾಲುಂಗುರ ಬೆರಳಿನೊಳಗೆ ಹುಗಿದುಹೋಗಿದೆ. ಹ್ವಾಯ್, ನೋವಿಲ್ಲೆ, ನೀವ್ ಸುಮ್ನೆ ಕೂಕಣಿ. ನೋವಿಲ್ಲವಂತೆ, ನನಗೆ ಕಣ್ಣಿಲ್ಲವೇ, ಮೀನು ಬಂದರಿನ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದ ದಿನವೂ ಇವಳು ಇದನ್ನೇ ಹೇಳಿದ್ದು, ಎಲುಬು ಎರಡು ತುಂಡಾಗಿತ್ತು. ಕುಂದಾಪುರದ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು, ಕಾಲು ನೀಡಿಕೊಂಡು ಕೂರುವುದಾದರೆ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಬೇಡ, ರಕ್ತ ಹೆಪ್ಪುಗಟ್ಟಿದರೆ ನಾನು ಜವಾಬ್ದಾರನಲ್ಲ ಗೋವರ್ಧನರೇ, ಮತ್ತೆ ಡಬ್ಲಿನ್‌ನಿಂದ ಮಗಳು ಶ್ರೀಲತಾ ಹಸಿ ಬಾಣಂತಿ, ಫೋನಿನಲ್ಲಿ ಅಳುತ್ತಾಳೆ, ಅಮ್ಮಾ, ನೀನ್ ಬರ್ದಿರೆ ಶಿಶುಗೆ ನೀರ್ ಹೊಯ್ದ್ ಮೀಸುದ್ ಯಾರ್, ನಾನೇ ಎದೆ ತಟ್ಟಿ ಹೇಳಿದ್ದೆ, ನನ್ನ ಹತ್ತಿರ ವಿಮಾನ ಕಂಪನಿಯ ಚಿನ್ನದ ಕಾರ್ಡಿದೆ, ನಿನ್ನ ಅಮ್ಮ ಮುಂದಿನ ಅಗಲದ ಸೀಟಿನಲ್ಲಿ ಮಲಗಿಕೊಂಡೇ ಬರುತ್ತಾಳೆ. ನಮ್ಮೂರು ಕೋಡಿಯ ಗುಡ್ಡನೆಂಬವನು ಕಿಚಾಯಿಸದೆ ಬಿಡುತ್ತಾನೆಯೇ, ಗೋವರ್ಧನಣ್ಣ, ವಿಮಾನ ಎಂತ ನಿಮ್ಮ ಅಜ್ಜನ್ ದೋಣಿಯಾ, ಬೇಕಾದಲ್ಲಿ ಕೂಕಂಬುಕೆ? ನಗಲಿ ಅವನು, ಮೀನು ವ್ಯಾಪಾರಕ್ಕೆ ಮಸ್ಕತ್ತಿಗೆ ಓಡಾಡಿ ಓಡಾಡಿ ಬಂದ ಕಾರ್ಡು, ಭಿಕ್ಷೆಯದಲ್ಲ, ಎಷ್ಟು ಸಲ ತಾವಾಗಿಯೇ ಕರೆದು ಮುಂದೆ ಕೂರಿಸಿದ್ದಾರೆ, ಅದನ್ನೇ ನಂಬಿದೆ — ಆದರೆ ಈ ಸಲ ಟಿಕೆಟ್ ಕಾರ್ಡು ಕೊಟ್ಟ ಕಂಪನಿಯದು, ವಿಮಾನದ ನಂಬರು ಅದೇ ಕಂಪನಿಯದು, ವಿಮಾನ ಮಾತ್ರ ಬೇರೆ ಕಂಪನಿಯದು. ಕೌಂಟರಿನ ಹುಡುಗಿ ಕಾರ್ಡನ್ನು ಬೆರಳ ತುದಿಯಲ್ಲಿ ವಾಪಸು ತಳ್ಳಿದಳು, ಸರ್, ಇದು ನಮ್ಮ ಕಾರ್ಡ್ ಅಲ್ಲ, ಅವರನ್ನು ಕೇಳಿ, ಅವರಿಗೆ ಫೋನು ಮಾಡಿದರೆ, ಸರ್, ಸೀಟು ಅವರ ಕೈಯಲ್ಲಿದೆ, ಅವರನ್ನು ಕೇಳಿ. ಥೂ, ಮಾರುವಾಗ ಇಬ್ಬರೂ ಒಂದು, ಕೊಡುವಾಗ ಇಬ್ಬರೂ ಇಲ್ಲ! ನಮ್ಮ ಬ್ರಹ್ಮಾವರದಲ್ಲಿ ಬಸ್ಸು ಕೆಟ್ಟರೆ ಕಂಡಕ್ಟರ್ ಹಿಂದಿನ ಬಸ್ಸಿಗೆ ಕೈ ಅಡ್ಡ ಹಿಡಿದು, ಹ್ವಾಯ್, ಇವ್ರನ್ನ್ ಕುಂದಾಪ್ರಕ್ಕೆ ಬಿಡಿ ಎನ್ನುತ್ತಾನೆ, ಮುಗಿಯಿತು, ಯಾರೂ ಯಾರ ಕಾರ್ಡನ್ನೂ ಕೇಳುವುದಿಲ್ಲ. ಕೂಗಿದೆ, ಹೌದು, ಮರ್ಯಾದೆ ನೋಡಲಿಲ್ಲ, ಅಷ್ಟು ಕೂಗಿದ ಮೇಲೆ ಕೋಟಿನವನೊಬ್ಬ ಬಂದ, ಮುಂದೆ ಒಂದು ಸೀಟಿದೆ ಸರ್, ನಿಮಗೆ ಕೊಡಬಹುದು. ಇವಳಿಗೆ ಕೊಡಿ. ಆಗುವುದಿಲ್ಲ ಸರ್, ಕಾರ್ಡು ನಿಮ್ಮ ಹೆಸರಿನದು, ಮೇಡಮ್‌ಗೆ ಕಾರ್ಡ್ ಇಲ್ಲ. ಬಾಗಿ ನನ್ನ ತೋಳು ಜಗ್ಗುತ್ತಾಳೆ, ನೀವ್ ಹೋಯ್ನಿ, ನಾನ್ ಹಿಂದೆ ಕೂಕಂತೆ, ಕಾಂಬರ್ ಎಂತ ಹೇಳುದ್. ನೋಡುವವರು ನೋಡಲಿ! ಮೇಡಮ್‌ಗೆ ಕಾರ್ಡ್ ಇಲ್ಲ, ನಾನು ಮಸ್ಕತ್ತಿನಲ್ಲಿ ಟೈ ಕಟ್ಟಿಕೊಂಡು ಕೈ ಕುಲುಕುವಾಗ ಬಂದರಿನಲ್ಲಿ ಐಸು ಒಡೆದು ಲಾರಿ ತುಂಬಿಸಿದ್ದು ಯಾರು, ಹಾಗೆಂದು ಅವನಿಗೆ ಹೇಗೆ ಹೇಳುವುದು, ಕೈರಂಪಣಿ ಬಲೆ ಎಳೆಯುವುದನ್ನು ಕಂಡವನೇ ಅವನು? ಅಪ್ಪಯ್ಯ ಕೋಡಿಯಲ್ಲಿ ಬಲೆ ಹಾಕುತ್ತಿದ್ದರು, ದಡದಲ್ಲಿ ಊರೇ ಸೇರಿ ಹಗ್ಗ ಎಳೆಯುವುದು, ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು, ಬಲೆ ಯಾರದೇ ಇರಲಿ, ದಾರಿಯಲ್ಲಿ ಹೋಗುತ್ತಿದ್ದ ಪರವೂರಿನವಳು ಸೀರೆ ಎತ್ತಿ ಕಟ್ಟಿ ಕೊನೆಯಲ್ಲಿ ನಿಂತು ಎಳೆದರೂ ಅವಳ ಬುಟ್ಟಿಗೂ ಬಂಗುಡೆ ಬೀಳುತ್ತಿತ್ತು, ಹೆಸರು ಕೇಳಿದ್ದಿಲ್ಲ ಅಪ್ಪಯ್ಯ, ಒದ್ದೆ ಕೈ ನೋಡಿದರೆ ಸಾಕಿತ್ತು. ಬೇಡ ನಿಮ್ಮ ಸೀಟು, ನೀವೇ ಇಟ್ಟುಕೊಳ್ಳಿ, ಎಂದು ಹೇಳಿ ಬಂದೆ, ತಪ್ಪೇ, ತಪ್ಪಾದರೆ ಆಗಲಿ, ಇವಳನ್ನು ಇಲ್ಲಿ ಬಿಟ್ಟು ಪರದೆಯ ಆಚೆ ನನಗೆ ಒಂದು ತುತ್ತು ಇಳಿಯುತ್ತಿರಲಿಲ್ಲ. ಬೆಲ್ಟಿನ ದೀಪ ಆರಿತು. ಕೊಡು ಕಾಲು. ಎಂತ ಮಾಡ್ತ್ರಿ ಮಾರಾಯ್ರೇ, ಎಲ್ಲರೂ ಕಾಣ್ತ್ರ್. ಕೊಡು ಅಂದೆ. ನಡುವಿನ ಕೈಹಿಡಿಯನ್ನು ಮೇಲಕ್ಕೆತ್ತಿದೆ, ಅವಳು ಕಿಟಕಿಗೆ ಬೆನ್ನು ಕೊಟ್ಟು ತಿರುಗಿದಳು, ಕಾಲನ್ನು ಎತ್ತಿ ನನ್ನ ತೊಡೆಯ ಮೇಲೆ ಅಡ್ಡ ನೀಡಿಸಿದೆ, ಎಷ್ಟು ಭಾರ, ಎಷ್ಟು ಬಿಸಿ, ಅವಳು ಉಸಿರು ಬಿಟ್ಟಳು, ಬಹಳ ಹೊತ್ತಿನಿಂದ ಹಿಡಿದುಕೊಂಡಿದ್ದ ಉಸಿರು, ಕಣ್ಣು ಮುಚ್ಚಿದಳು, ಪಾದ ಮಾತ್ರ ನನ್ನಿಂದಾಚೆ ನಡುದಾರಿಗೆ ಚಾಚಿಕೊಂಡಿದೆ. ಊಟದ ಗಾಡಿ ಬಂತು, ಸರ್, ದಯವಿಟ್ಟು ಕಾಲು ಒಳಗೆ ತೆಗೆದುಕೊಳ್ಳಿ, ಗಾಡಿ ಹೋಗಬೇಕು. ಒಳಗೆ ಜಾಗವಿಲ್ಲ. ಸರ್, ನಿಯಮ ಇದೆ. ಇರಲಿ. ಹಿಂದಿನವರು ಕತ್ತು ಉದ್ದ ಮಾಡಿ ನೋಡುತ್ತಿದ್ದಾರೆ, ನೋಡಲಿ, ಕರೆಯಲಿ ಯಾರನ್ನು ಬೇಕಾದರೂ, ಗಾಡಿಯವಳು ಪರದೆಯ ಕಡೆ ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ, ನಾನು ತೆಗೆಯುವುದಿಲ್ಲ, ಎರಡೂ ಕೈಯಿಂದ ಹಿಡಿದುಕೊಂಡಿದ್ದೇನೆ, ಗಾಡಿ ನಿಂತಿದೆ, ನಡುದಾರಿಯಲ್ಲಿ ಬಾಗಿಯ ಪಾದ, ಒಡೆದ ಹಿಮ್ಮಡಿ, ಬಾತ ಬೆರಳು, ಉಂಗುರ —