ಸಿಪಾಯಿ ಮನೆಗೆ ಬಂದ ಸಿನಿಮಾ

ಕಾಮಗೆರೆಯ ಹೋಟೆಲಿನಲ್ಲಿ ಸಿನಿಮಾ ಹುಚ್ಚಿನವರು ಸೇರಿದರೆ ಒಬ್ಬೊಬ್ಬರದೂ ಒಂದೊಂದು ಪಟ್ಟಿ. ಇದನ್ನು ನೋಡು, ಅದನ್ನು ಬಿಡಬೇಡ ಅಂತ ಬಾಯಿ ಜೋರು ಮಾಡುತ್ತಿದ್ದರು. ಕೆಂಪನಂಜಪ್ಪನ ಪಟ್ಟಿಯಲ್ಲಿ ಮೊದಲನೆಯದು ಯಾವಾಗಲೂ ಒಂದೇ: ಯುದ್ಧಕ್ಕೆ ಹೋದ ಸಿಪಾಯಿ ಕೊನೆಗೆ ಹೆಂಡತಿಯ ಬಾಗಿಲಿಗೆ ಬಂದು ನಿಲ್ಲುವ ಚಿತ್ರ. ಅದನ್ನು ಮೆಚ್ಚದವನನ್ನು ಅವನು ಮನುಷ್ಯರ ಲೆಕ್ಕಕ್ಕೇ ಇಡುತ್ತಿರಲಿಲ್ಲ.

ಎಪ್ಪತ್ತೊಂದರ ಯುದ್ಧಕ್ಕೆ ಹೋಗಿದ್ದ ಅವನ ಸಿಪಾಯಿ ಅಳಿಯನ ಕಾಗದ ಬರುವುದು ನಿಂತುಹೋಯಿತು. ಆಗಲೇ ಆ ಚಿತ್ರ ಕೊಳ್ಳೇಗಾಲಕ್ಕೆ ಮತ್ತೆ ಬಂದಿತ್ತು. ಅಲ್ಲೇ ಅತ್ತೆಮನೆಯಲ್ಲಿದ್ದ ಮಗಳು ಪುಟ್ಟಬಸಮ್ಮನಿಗೆ ಅವನು, "ಓಗಿ ನೋಡ್ಕಂಡು ಬಾ ಕೂಸೇ, ಮನಸ್ಗೆ ಧೈರ್ಯ ಬತ್ತದೆ," ಎಂದು ಹೇಳಿ ಬಂದ.

ಎರಡು ದಿನದ ಮೇಲೆ, ಬೆಳಿಗ್ಗೆ, ಅವಳು ಬಸ್ಸಿಳಿದು ನೆಟ್ಟಗೆ ಹೋಟೆಲಿಗೇ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಸಿನಿಮಾದ ಸಿಪಾಯಿ ಬಾಗ್ಲಿಗೆ ಬಂದಿದ್ದು ಅವನ ಎಂಡ್ತಿ ಕಂಡ ಕನಸು ಕಣಪ್ಪಾ. ಆಮೇಲೆ ಸತ್ತ ಅಂತ ತಂತಿ ಬತ್ತದೆ. ನೀನು ನೋಡ್ನಿಲ್ವಾ?"

ಕೆಂಪನಂಜಪ್ಪ ಅದನ್ನು ನೋಡಿರಲಿಲ್ಲ. ಪರದೆಯ ಮೇಲೆ ಸಿಪಾಯಿ ಬಾಗಿಲು ತಟ್ಟಿದೊಡನೆ, ಇನ್ನೇನು ಮುಗಿಯಿತು ಎಂದುಕೊಂಡು, ಅವನು ಊರಿನ ಕಡೇ ಬಸ್ಸು ಹಿಡಿಯಲು ಟಾಕೀಸಿನಿಂದ ಎದ್ದು ಓಡಿದ್ದ. ಪಟ್ಟಿಯಲ್ಲಿದ್ದ ಉಳಿದ ಚಿತ್ರಗಳಿಗೂ ಹಾಗೇ ಓಡಿದ್ದ.

ಅವನು ಗೆಳೆಯರ ಕಡೆ ತಿರುಗಿದ. ಒಬ್ಬರೂ ತಲೆ ಎತ್ತಲಿಲ್ಲ. ಎಲ್ಲರೂ ಅದೇ ಕಡೇ ಬಸ್ಸಿಗೆ ಓಡಿ ಬಂದವರು.