ಚಾಪೆ ಯಾಕೆ ಬೆಚ್ಚಗಿತ್ತು?

ನಮ್ಮ ಹಜಾರದ ಚಾಪೆಯ ಒಂದು ಮೂಲೆ ಬೆಳಿಗ್ಗೆ ಹೊತ್ತು ಬೆಚ್ಚಗಿರುತ್ತಿತ್ತು. ಅತ್ತೆಗೆ ಆ ಮೂಲೆಯೆಂದರೆ ಬಲು ಇಷ್ಟ. ಎದ್ದವರು ಬರಿಗಾಲಲ್ಲಿ ಬಂದು ಅಲ್ಲೇ ನಿಂತುಬಿಡುತ್ತಿದ್ದರು.

"ಇಲ್ಲಿ ಕಾಲಿಟ್ರೆ ಎಷ್ಟು ಹಾಯಾಗಿರತ್ತೆ ಕಣೇ! ಬಿಸಿಲು ಬೀಳತ್ತೇನೋ" ಎನ್ನುತ್ತಿದ್ದರು.

ಆ ಮೂಲೆಗೆ ಬಿಸಿಲು ಬೀಳುವ ಕಿಟಕಿಯೇ ಇರಲಿಲ್ಲ. ಊರ ಉಸಾಬರಿಯೆಲ್ಲ ಬೇಕು ನನಗೆ. ಕಂಡಕಂಡದ್ದಕ್ಕೆಲ್ಲ ಮೂಗು ತೂರಿಸುತ್ತೇನೆಂದು ಗಂಡನ ಹತ್ತಿರ ಬೈಸಿಕೊಳ್ಳುತ್ತೇನೆ. ಆದರೂ ದಿನಾ ತುಳಿಯುವ ಚಾಪೆಯನ್ನು ಒಮ್ಮೆ ಎತ್ತಿ ನೋಡುವ ಬುದ್ಧಿ ನನಗೆ ಬರಲಿಲ್ಲ.

ಅದರ ಕೆಳಗೆ ವೈರಿದೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಅತ್ತೆಯ ಕೋಣೆಯಲ್ಲಿ ಒಂದು ದೀಪವಿತ್ತೇ ಹೊರತು ಪ್ಲಗ್ ಇರಲಿಲ್ಲ. ಉಬ್ಬಸದ ಅತ್ತೆಗೆ ದಿನಕ್ಕೆ ಮೂರು ಸಲ ಔಷಧದ ಆವಿ ಎಳೆದುಕೊಳ್ಳುವ ಯಂತ್ರ ಬೇಕು. ಬೆಳಿಗ್ಗೆ ಎದ್ದೊಡನೆ ಕುಡಿಯಲು ಬಿಸಿನೀರು ಬೇಕೆಂದು ಅಲ್ಲೇ ಒಂದು ಕೆಟಲ್ ಇಟ್ಟಿದ್ದೆವು. ಎರಡಕ್ಕೂ ಹಜಾರದ ಬೋರ್ಡಿನಿಂದ ಒಂದು ತೆಳ್ಳನೆಯ ಎಕ್ಸ್‌ಟೆನ್ಷನ್ ವೈರು. ಅದು ಚಾಪೆಯ ಅಡಿಯಲ್ಲಿ ಹಾದು, ಬಾಗಿಲ ಸಂದಿಯಲ್ಲಿ ನುಗ್ಗಿ, ಅತ್ತೆಯ ಮಂಚದ ಹತ್ತಿರ ತಲೆ ಎತ್ತುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆ ಆವಿ ಎಳೆದುಕೊಳ್ಳುತ್ತಿದ್ದಾಗ ಯಂತ್ರ ಗಕ್ಕನೆ ನಿಂತಿತು. ಅತ್ತೆಗೆ ಉಸಿರು ಮೇಲಿನದು ಮೇಲೆ, ಕೆಳಗಿನದು ಕೆಳಗೆ. ಓಡಿಹೋಗಿ ನೋಡಿದೆ. ನಾನು ಮುಚ್ಚಿದ ಬಾಗಿಲು ವೈರನ್ನು ಕಚ್ಚಿಕೊಂಡಿತ್ತು. ಬಾಗಿಲು ತೆರೆದು ವೈರು ಅಲ್ಲಾಡಿಸಿದಾಗ ಯಂತ್ರ ಮತ್ತೆ ಗುಂಯ್ ಎಂದಿತು. ಆವತ್ತೇ ಕರೆಂಟಕ್ಕನನ್ನು ಕರೆದೆ.

ಕರೆಂಟಕ್ಕ ಎಂದರೆ ನಮ್ಮ ಬೀದಿಯ ಎಲೆಕ್ಟ್ರಿಷಿಯನ್. ಕಲಿತು, ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತೆಗೆದುಕೊಂಡವಳು. ಬಂದವಳು ಮೊದಲು ವೈರನ್ನು ಪ್ಲಗ್ಗಿನಿಂದ ಕಿತ್ತಳು. ಆಮೇಲೆ ಚಾಪೆ ಎತ್ತಿದಳು.

ಬಿಳಿ ವೈರು ಒಂದು ಗೇಣಿನಷ್ಟು ಉದ್ದ ಕಂದು ಬಣ್ಣಕ್ಕೆ ತಿರುಗಿತ್ತು. ಚಾಪೆಯ ಅಡಿಭಾಗವೂ ಸುಟ್ಟಂತೆ ಕಪ್ಪಾಗಿತ್ತು.

"ಬಿಸಿಲಲ್ಲಮ್ಮ ಇದು" ಎಂದಳು ಅತ್ತೆಗೆ. "ಕೆಟಲ್ ಎಳೆಯೋ ಕರೆಂಟು ಈ ವೈರಿಗೆ ತಡೆಯಲ್ಲ. ಕಾಯತ್ತೆ. ಮೇಲೆ ಚಾಪೆ ಹೊದಿಸಿದ್ರೆ ಆ ಶಾಖ ಹೋಗೋದೆಲ್ಲಿಗೆ? ನೀವು ಕಾಲು ಕಾಯಿಸ್ಕೊಳ್ತಿದ್ದದ್ದು ಬೆಂಕಿ ಹತ್ತೋ ಜಾಗದಲ್ಲಿ."

ಅತ್ತೆ ತಮ್ಮ ಪಾದಗಳನ್ನು ತಾವೇ ನೋಡಿಕೊಂಡರು.

"ಕೋಣೆಗೆ ಒಂದು ಪ್ಲಗ್ ಬೇಕು. ಗೋಡೆಯೊಳಗಿಂದ ಸರಿಯಾದ ವೈರು ಎಳೀಬೇಕು" ಎಂದಳು ಕರೆಂಟಕ್ಕ.

ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ ಮಾವ ಆಗ ಬಾಯಿ ತೆರೆದರು. "ಗೋಡೆ ಮುಟ್ಟೋ ಹಾಗಿಲ್ಲ!"

ಮಾವ ಗಾರೆ ಮೇಸ್ತ್ರಿ. ನಲವತ್ತು ವರ್ಷ ಬೇರೆಯವರಿಗೆ ಮನೆ ಕಟ್ಟಿಕೊಟ್ಟವರು, ನಮ್ಮ ಮನೆಯನ್ನು ತಾವೇ ಇಟ್ಟಿಗೆ ಇಟ್ಟಿಗೆ ಜೋಡಿಸಿ ಕಟ್ಟಿದ್ದರು. ಯಾರೇ ಮನೆಗೆ ಬರಲಿ, ಗೋಡೆಯನ್ನೊಮ್ಮೆ ತಟ್ಟಿ ತೋರಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. "ಒಂದು ಬಿರುಕು ತೋರ್ಸಿ ನೋಡೋಣ" ಎಂದು ಸವಾಲು ಬೇರೆ ಹಾಕುತ್ತಿದ್ದರು.

"ಮೇಸ್ತ್ರಿ, ನಾನು ಗೋಡೆ ಒಡೆಯಲ್ಲ" ಎಂದಳು ಕರೆಂಟಕ್ಕ.

"ಒಡೀದೆ ಒಳಗೆ ಹೋಗೋಕೆ ನೀನೇನು ಇರುವೆನಾ? ಉಳಿ ಹಾಕಿದ್ರೆ ಧೂಳೇಳತ್ತೆ. ಇವಳಿಗೆ ಉಸಿರು ಕಟ್ಟತ್ತೆ. ನೀನು ನೋಡ್ಕೋತೀಯಾ?"

ಮಾತು ಸರಿಯಾಗಿಯೇ ಇತ್ತು. ಆದರೆ ನನ್ನ ಕಿವಿ ನೆಟ್ಟಗಾಯಿತು. ಏಕೆಂದರೆ ಅತ್ತೆಯ ಕೋಣೆಯಲ್ಲಿ, ಬೀರುವಿನ ಪಕ್ಕ, ಗೋಡೆಗೆ ಒಂದು ದುಂಡನೆಯ ಪ್ಲಾಸ್ಟಿಕ್ ಮುಚ್ಚಳವಿತ್ತು. ಮದುವೆಯಾಗಿ ಬಂದ ವಾರದಲ್ಲೇ ನಾನು, "ಮಾವ, ಇದರ ಹಿಂದೆ ಏನಿದೆ?" ಎಂದು ಕೇಳಿದ್ದೆ. "ಗೋಡೆ" ಎಂದಷ್ಟೇ ಹೇಳಿ ಎದ್ದು ಹೋಗಿದ್ದರು. ಎಂಟು ವರ್ಷದಿಂದ ಆ ಮುಚ್ಚಳ ನನ್ನ ತಲೆ ತಿನ್ನುತ್ತಿತ್ತು. ಈಗ ಬಿಟ್ಟರೆ ಇನ್ನೆಂದೂ ಇಲ್ಲ ಎನ್ನಿಸಿ, ಕರೆಂಟಕ್ಕನಿಗೆ ಅದನ್ನು ತೋರಿಸಿದೆ.

ಅವಳ ಕಣ್ಣರಳಿತು. "ಅಯ್ಯೋ, ಇದು ಖಾಲಿ ಪೈಪು! ಮುಂದಕ್ಕೆ ಬೇಕಾಗತ್ತೆ ಅಂತ ಗೋಡೆ ಕಟ್ಟೋವಾಗ್ಲೇ ಹಜಾರದ ಬೋರ್ಡಿನಿಂದ ಇಲ್ಲಿಗೆ ಪೈಪ್ ಹಾಕಿಟ್ಟಿದ್ದಾರೆ. ಎಷ್ಟು ಮುಂದಾಲೋಚನೆ ಮೇಸ್ತ್ರಿ ನಿಮ್ದು!"

ಹೊಗಳಿಕೆ ಕೇಳಿದರೆ ಹಿಗ್ಗುವ ಮಾವ ಆವತ್ತು ಹಿಗ್ಗಲಿಲ್ಲ. "ಹಳೇ ಪೈಪು. ಏನೂ ಹೋಗಲ್ಲ ಅದರಲ್ಲಿ" ಎಂದು ಗೊಣಗಿದರು.

"ಹೋಗತ್ತೋ ಇಲ್ವೋ ನನ್ನ ಮೀನು ಹೇಳತ್ತೆ, ಇರಿ."

"ಮೀನಾ?" ಎಂದು ಅತ್ತೆ ಮಂಚದಿಂದ ಎದ್ದು ಕುಳಿತರು.

ಕರೆಂಟಕ್ಕ ಚೀಲದಿಂದ ಒಂದು ಚಕ್ರ ತೆಗೆದಳು. ಅದರೊಳಗೆ ತೆಳ್ಳನೆಯ ಚಪ್ಪಟೆ ಉಕ್ಕಿನ ಪಟ್ಟಿ ಸುತ್ತಿಕೊಂಡಿತ್ತು. ಎಳೆದರೆ ಹೊರಗೆ ಬರುತ್ತದೆ, ಬಾಗುತ್ತದೆ, ಆದರೆ ದಾರದಂತೆ ಮುದುಡಿ ಬೀಳುವುದಿಲ್ಲ. ತುದಿಯಲ್ಲಿ ಒಂದು ಸಣ್ಣ ಕಣ್ಣು.

"ಇದಕ್ಕೆ ಫಿಶ್ ಟೇಪ್ ಅಂತಾರಮ್ಮ. ನೀರಿಗೆ ಗಾಳ ಬಿಟ್ಟ ಹಾಗೆ ಇದನ್ನ ಪೈಪಿಗೆ ಬಿಡೋದು. ಆ ಕಡೆ ತಲೆ ಹಾಕಿದ್ಮೇಲೆ ಅದಕ್ಕೆ ವೈರು ಕಟ್ಟಿ ಈ ಕಡೆಗೆ ಎಳ್ಕೊಳ್ಳೋದು. ಒಳ್ಳೇ ಪೈಪಿದ್ರೆ ಉಳಿ ಬೇಡ, ಸುತ್ತಿಗೆ ಬೇಡ."

ಅತ್ತೆ ಆ ಪಟ್ಟಿಯನ್ನು ಮುಟ್ಟಿ, ಬಗ್ಗಿಸಿ, ಬಿಟ್ಟು, ಮತ್ತೆ ಬಗ್ಗಿಸಿ ನೋಡಿದರು. ನಾನು ಅವರ ಕೈಯಿಂದ ಕಸಿದುಕೊಂಡು ನೋಡಿದೆ. "ಬೇಗ ಬಿಡು, ಏನು ಸಿಗತ್ತೋ ನೋಡೋಣ" ಎಂದರು ಅತ್ತೆ.

"ಬೇಗ ಅನ್ನೋ ಮಾತೇ ಇಲ್ಲ" ಎಂದಳು ಅವಳು. "ಇದು ಉಕ್ಕು. ಕರೆಂಟಿರೋ ಬೋರ್ಡಿಗೆ ಇದನ್ನ ತೂರಿಸಿದ್ರೆ ಪೈಪಿನ ಆ ತುದಿಯಲ್ಲಿ ಮೀನಿರಲ್ಲ, ಈ ತುದಿಯಲ್ಲಿ ನಾನಿರಲ್ಲ."

ಬೋರ್ಡಿನಲ್ಲಿ ಕರೆಂಟಿರುವಾಗಲೇ ಟೆಸ್ಟರ್ ಹಿಡಿದು, ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಿದಳು. ಆಮೇಲೆ ಇಡೀ ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಅದರ ಮೇಲೆ ಟೇಪು ಅಂಟಿಸಿ, 'ಮುಟ್ಟಬೇಡಿ' ಎಂದು ಬರೆದಳು. ಮತ್ತೆ ಬಂದು ಟೆಸ್ಟರ್ ಹಿಡಿದಳು. ಕರೆಂಟಿಲ್ಲವೆಂದು ಖಾತ್ರಿಯಾದ ಮೇಲೇ ಬೋರ್ಡು ಬಿಚ್ಚಿದ್ದು.

ಮುಚ್ಚಳ ಬಿಚ್ಚುವ ಕೆಲಸ ನನಗೆ ಕೊಟ್ಟಳು. ಎಂಟು ವರ್ಷದ ಕುತೂಹಲ! ಒಳಗೆ ಕಂಡದ್ದು ಒಂದು ಜೇಡರ ಬಲೆ ಮತ್ತು ಕಪ್ಪನೆಯ ಪೈಪಿನ ಬಾಯಿ. ಆದರೂ ಬಗ್ಗಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದೆ.

ಪೈಪು ಹಜಾರದ ಬೋರ್ಡಿನಿಂದ ಮೇಲಕ್ಕೇರಿ, ಸೂರಿನ ಕೆಳಗೆ ಅಡ್ಡ ಹಾದು, ಅತ್ತೆಯ ಕೋಣೆಯಲ್ಲಿ ಕೆಳಗಿಳಿಯುತ್ತಿತ್ತು. ಕರೆಂಟಕ್ಕ ಹಜಾರದಿಂದ ಪಟ್ಟಿ ಬಿಟ್ಟಳು. ಸರ್ ಸರ್ ಎಂದು ಗೋಡೆಯೊಳಗೆ ಅದು ಓಡುವ ಸದ್ದು ಕೇಳುತ್ತಿತ್ತು. ನಾನೂ ಅತ್ತೆಯೂ ಗೋಡೆಗೆ ಕಿವಿ ಹಚ್ಚಿ, ಸದ್ದಿನ ಹಿಂದೆಯೇ ಕೋಣೆಯವರೆಗೆ ನಡೆದು ಬಂದೆವು.

ಟಕ್. ಸದ್ದು ನಿಂತಿತು.

"ಜೋರಾಗಿ ತಳ್ಳು!" ಎಂದೆ.

"ತಳ್ಳಿದ್ರೆ ಪಟ್ಟಿ ಒಳಗೇ ಮುರಿಯತ್ತೆ." ಸ್ವಲ್ಪ ಹಿಂದಕ್ಕೆ ಎಳೆದು, ತಿರುಗಿಸಿ, ಮತ್ತೆ ಬಿಟ್ಟಳು. ಟಕ್. ಪಟ್ಟಿಯನ್ನು ಪೂರ್ತಿ ಹೊರಗೆ ತೆಗೆದು, ಕೋಣೆಗೆ ಬಂದು ಮುಚ್ಚಳದ ಕಡೆಯಿಂದ ಮೇಲಕ್ಕೆ ಬಿಟ್ಟಳು. ಎರಡು ಮೊಳ ಹೋಗಿ ಅಲ್ಲೂ ಟಕ್.

"ಒಳಗೆ ಏನೋ ಅಡ್ಡ ಇದೆ. ಎಲ್ಲಿ ಅಂತ ಈಗ ಪಟ್ಟೀನೇ ಹೇಳತ್ತೆ" ಎಂದು ಪೈಪಿನ ಬಾಯಿಯ ಹತ್ತಿರ ಪಟ್ಟಿಯ ಮೇಲೆ ಹೆಬ್ಬೆರಳಿಟ್ಟು ಹೊರಗೆ ಎಳೆದಳು. ಹೆಬ್ಬೆರಳನ್ನು ಪೈಪಿನ ಬಾಯಿಯ ಮಟ್ಟಕ್ಕೆ ಹಿಡಿದು, ಪಟ್ಟಿಯನ್ನು ಗೋಡೆಯ ಮೇಲೆ ನೇರ ಚಾಚಿದಳು.

ಪಟ್ಟಿಯ ತುದಿ ಹೋಗಿ ಮುಟ್ಟಿದ್ದು ಒಂದು ಬೆರಳನ್ನು. ಮಾವ ಬಂದು ನಿಂತು, ಅವಳು ಅಳೆಯುವ ಮೊದಲೇ, ಸರಿಯಾಗಿ ಅದೇ ಜಾಗದಲ್ಲಿ ಬೆರಳಿಟ್ಟಿದ್ದರು.

ಅವರ ಮುಖ ಸಪ್ಪಗಾಗಿತ್ತು. "ಇಲ್ಲೇ" ಎಂದರು. "ಇಲ್ಲಿ ಎರಡು ಪೈಪು ಸೇರಿಸಿದ್ದೆ. ಗಾರೆ ಮೆತ್ತೋವಾಗ ಜಾರ್ಬಿಡ್ತು. ನೋಡ್ದೆ. ಕಲಸಿದ ಗಾರೆ ಗಟ್ಟಿಯಾಗ್ತಿತ್ತು, ಹೊತ್ತು ಬೇರೆ ಇಳೀತಿತ್ತು. ಯಾರಿಗೆ ಗೊತ್ತಾಗತ್ತೆ ಅಂತ ಮೆತ್ಬಿಟ್ಟೆ. ಇಪ್ಪತ್ತಾರು ವರ್ಷ ಆಯ್ತು. ಊರವರ ಮನೇಲಿ ಎಲ್ಲೂ ಹೀಗೆ ಮಾಡ್ಲಿಲ್ಲ ಕಣಮ್ಮ. ನನ್ನ ಮನೇಲೇ ಮಾಡ್ದೆ."

ಅತ್ತೆ ಅಷ್ಟರಲ್ಲಿ ನೀರು ಕುಡಿಯಲು ಅಡುಗೆಮನೆಗೆ ಹೋಗಿದ್ದರು. ಮಾವ ಅತ್ತ ನೋಡಿ ದನಿ ತಗ್ಗಿಸಿದರು. "ಅವಳಿಗೆ ಹೇಳ್ಬೇಡಿ."

ಕರೆಂಟಕ್ಕ ನಗಲಿಲ್ಲ. "ಮೇಸ್ತ್ರಿ, ನೀವು ಬಾಯಿಬಿಟ್ಟಿದ್ದು ಎಷ್ಟು ಒಳ್ಳೇದಾಯ್ತು ಗೊತ್ತಾ? ಏನು ಅಡ್ಡ ಇದೆ ಅಂತ ಗೊತ್ತಾಯ್ತು. ಅಂಗೈಯಗಲ ಒಡೆದ್ರೆ ಸಾಕು. ನೀವೇ ಒಡೀರಿ, ನಿಮಗಿಂತ ಚೆನ್ನಾಗಿ ಯಾರು ಒಡೀತಾರೆ?"

ಅತ್ತೆಯನ್ನು ಯಂತ್ರದ ಸಮೇತ ಪಕ್ಕದ ಮನೆಗೆ ಕಳಿಸಿದೆವು. ಮಾವ ಧೂಳೇಳದಂತೆ ಗೋಡೆಗೆ ನೀರು ಕುಡಿಸಿ, ಹಳೆಯ ಉಳಿಯಿಂದ ಅಂಗೈಯಗಲ ಮಾತ್ರ ಬಿಡಿಸಿದರು. ಪೈಪಿನೊಳಗೆ ಗಾರೆ ಕಲ್ಲಾಗಿ ಕೂತಿತ್ತು. ಆ ತುಂಡನ್ನು ಕತ್ತರಿಸಿ ತೆಗೆದು, ಹೊಸ ತುಂಡು ಸೇರಿಸಿ, ಈ ಸಲ ಅಂಟು ಹಾಕಿ, ಎರಡೆರಡು ಸಲ ಅಲ್ಲಾಡಿಸಿ ನೋಡಿದರು. ಅಂಟು ಗಟ್ಟಿಯಾಗುವ ತನಕ ಕಾದೆವು.

ಆಮೇಲೆ ಪಟ್ಟಿ ಬಿಟ್ಟರೆ ಸರ್ರೆಂದು ಬಂದು ನನ್ನ ಮುಖದ ಮುಂದೆಯೇ ತಲೆ ಹಾಕಿತು! ನಾನು ಕಿರುಚಿಬಿಟ್ಟೆ. ಕರೆಂಟಕ್ಕ ಮೂರು ದಪ್ಪ ವೈರುಗಳ ತುದಿ ಸುಲಿದು, ಪಟ್ಟಿಯ ಕಣ್ಣಿಗೆ ಪೋಣಿಸಿ, ಮಡಚಿ, ಮೇಲೆ ನುಣ್ಣಗೆ ಟೇಪು ಸುತ್ತಿದಳು. ಒಂದು ಕರೆಂಟು ತರುವುದು, ಒಂದು ಅದು ವಾಪಸು ಹೋಗುವುದು, ಹಸಿರಿನದು ಅರ್ಥಿಂಗ್. "ಹಸಿರು ಬೇಡ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ. ಯಂತ್ರಕ್ಕೆ ಏನಾದ್ರೂ ಆದ್ರೆ ಅತ್ತೆಗೆ ಶಾಕ್ ಹೊಡೀದ ಹಾಗೆ ಕಾಯೋದು ಅದೇ" ಎಂದಳು. ವೈರು ಜಾರಲೆಂದು ಅದಕ್ಕೆಂದೇ ಸಿಗುವ ಜಾರುಪುಡಿ ಸವರಿದಳು. ಅಡುಗೆ ಎಣ್ಣೆ ತರಲೇ ಎಂದು ಕೇಳಿ ನಾನು ಬೈಸಿಕೊಂಡೆ. ಎಣ್ಣೆ ವೈರಿನ ಮೇಲಿನ ಹೊದಿಕೆಯನ್ನು ತಿಂದುಬಿಡುತ್ತದಂತೆ.

ಅವಳು ಹಜಾರಕ್ಕೆ ಹೋಗಿ "ಬಿಡು" ಎಂದಾಗ ನಾನು ವೈರು ಒಳಗೆ ಕೊಡುತ್ತಿದ್ದೆ, ಅವಳು ಎಳೆಯುತ್ತಿದ್ದಳು. "ನಿಲ್ಲು" ಎಂದರೆ ಇಬ್ಬರೂ ನಿಲ್ಲುತ್ತಿದ್ದೆವು. ಜಗ್ಗಾಟವಿಲ್ಲ. ಮುಚ್ಚಳವಿದ್ದ ಜಾಗಕ್ಕೆ ಹೊಸ ಪ್ಲಗ್ ಬಂತು. ಮಾವ ಒಡೆದ ಜಾಗಕ್ಕೆ ಗಾರೆ ಮೆತ್ತಿ ನುಣುಪು ಮಾಡಿದರು. ಮೇನ್ ಹಾಕಿ, ಎಲ್ಲ ಪರೀಕ್ಷೆ ಮಾಡಿ, ಸಂಜೆಯ ಆವಿಯ ಹೊತ್ತಿಗೆ ಕರೆಂಟಕ್ಕ ಕೈ ತೊಳೆದುಕೊಂಡಳು.

ಅತ್ತೆ ಬಂದರು. ಹಜಾರದಲ್ಲಿ ಚಾಪೆಯಿಲ್ಲ, ವೈರಿಲ್ಲ. "ಮೀನು ಸಿಕ್ತಾ?" ಎಂದರು.

ಮಾವ ಎದ್ದು ನಿಂತರು. "ನಿನ್ಹತ್ರ ಒಂದು ಮಾತು ಹೇಳ್ಬೇಕು ಕಣೇ. ಆ ಪೈಪು..."

"ಜಾರಿತ್ತು" ಎಂದರು ಅತ್ತೆ. "ಗೊತ್ತು. ಆವತ್ತು ಗಾರೆ ಕಲಸಿ ಕೊಟ್ಟೋಳು ನಾನೇ ಅಲ್ವಾ? ನೀವು ಹಿಂದೆ ಮುಂದೆ ನೋಡಿ ಮೆತ್ತಿದ್ದು ಕಂಡಿದ್ದೆ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಬಂದೋರ ಮುಂದೆ ಗೋಡೆ ತಟ್ಟಿ ತೋರಿಸ್ತಿದ್ರಲ್ಲ, ಆಗಿನ ನಿಮ್ಮ ಮುಖ ನೋಡಿ ಹೇಳೋಕೆ ಮನಸ್ಸು ಬರ್ಲಿಲ್ಲ. ನೆಲದ ಮೇಲೆ ಒಂದು ವೈರು ತಾನೇ, ಇರ್ಲಿ ಅಂದ್ಕೊಂಡೆ."

"ಬೆಂಕಿ ಹತ್ತಿದ್ರೆ?" ಎಂದರು ಮಾವ. ಅಷ್ಟು ವರ್ಷ ಗೋಡೆ ತಟ್ಟಿದ ಕೈಯಿಂದ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಬ್ಬರ ಮಾನ ಇನ್ನೊಬ್ಬರು ಕಾಯಲು ಹೋಗಿ ನಾವು ಅತ್ತೆಯನ್ನೇ ಕಳೆದುಕೊಳ್ಳುತ್ತಿದ್ದೆವಲ್ಲ ಎಂದು ನನಗೂ ಅಳು ಬಂತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಹಾಳೆಯನ್ನು ಮಡಚಿಡುವ ಮೊದಲು ಎದ್ದು ಹೋಗಿ ನಿಮ್ಮ ಮನೆಯ ಚಾಪೆ ಎತ್ತಿ ನೋಡಿ. ಅಡಿಯಲ್ಲಿ ವೈರಿದ್ದರೆ ಇವತ್ತೇ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಗೋಡೆಯೊಳಗೆ ನೀವೇ ಕೈಹಾಕಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ, ಉಳಿ ಎತ್ತುವ ಮೊದಲು ಫಿಶ್ ಟೇಪ್ ಬಿಟ್ಟು ನೋಡಲು ಹೇಳಿ, ಮೇನ್ ಆಫ್ ಆಗುವುದನ್ನು ಕಣ್ಣಾರೆ ನೋಡಿ. ಹೊಸ ಮನೆ ಕಟ್ಟುತ್ತಿದ್ದರೆ, ಗಾರೆ ಮೆತ್ತುವ ಮೊದಲು ಪೈಪು ಎಲ್ಲೆಲ್ಲಿ ಹೋಗಿದೆ ಎಂದು ಫೋಟೊ ತೆಗೆದಿಡಿ. ಗೋಡೆಯೊಳಗಿನ ಗುಟ್ಟು ಗೊತ್ತಿರುವವರು ಮನೆಯಲ್ಲಿದ್ದರೆ ಹತ್ತಿರ ಕೂರಿಸಿಕೊಂಡು ಕೇಳಿ. ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಡಿ.

ನಮ್ಮತ್ತೆ ಈಗ ಬೆಳಿಗ್ಗೆ ಎದ್ದು ತಣ್ಣನೆಯ ನೆಲದ ಮೇಲೆ ನಡೆದು ಬರುತ್ತಾರೆ. ಕಾಲಿಗೆ ಮಾವ ತಂದುಕೊಟ್ಟ ಉಣ್ಣೆಯ ಕಾಲುಚೀಲ ಹಾಕಿಕೊಂಡಿರುತ್ತಾರೆ.